ಕಡ ಕೊಟ್ಟ ಮೊಮ್ಮಗಳು

ಮೂವತ್ತೊಂದು ವರ್ಷ ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದೆ. ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಮಲ್ಲಂದೂರಿನಿಂದ ಆಚೆ, ಕಾಫಿ ಎಸ್ಟೇಟುಗಳ ನಡುವಿನ ಒಂದೇ ಕೋಣೆಯ ಶಾಲೆಯಲ್ಲಿ ಕಳೆಯಿತು. ಒಂದರಿಂದ ನಾಲ್ಕನೇ ತರಗತಿಯವರೆಗೆ ನಾಲ್ಕು ಸಾಲು ಮಕ್ಕಳು, ನಾಲ್ಕಕ್ಕೂ ನಾನೊಬ್ಬಳೇ. ಒಂದು ಸಾಲಿಗೆ ಕಾಪಿ ಬರೆಯಲು ಕೊಟ್ಟು, ಇನ್ನೊಂದಕ್ಕೆ ಮಗ್ಗಿ ಹೇಳಿಸಿ, ಮೂರನೆಯದಕ್ಕೆ ಪಾಠ ಮಾಡುತ್ತಿರುವಾಗ ನಾಲ್ಕನೆಯದು ಕಿಟಕಿ ಹಾರಿ ಪೇರಲೆ ಮರ ಹತ್ತಿರುತ್ತಿತ್ತು. ಇದನ್ನೆಲ್ಲ ನಾನು ಸಂತೋಷದಿಂದಲೇ ಸಹಿಸಿದೆ. ಲೆಕ್ಕ ತಪ್ಪಿದರೆ ಹೊಡೆಯುತ್ತಿರಲಿಲ್ಲ, ತಡವಾಗಿ ಬಂದರೂ ಹೊಡೆಯುತ್ತಿರಲಿಲ್ಲ. ಸುಳ್ಳು ಹೇಳಿದರೆ ಮಾತ್ರ ಬಿಡುತ್ತಿರಲಿಲ್ಲ. ಬೇಲಿಯಾಚೆಯ ಕಾಫಿ ಗಿಡದಿಂದ ಒಂದು ಕಡ್ಡಿ ಮುರಿದು ತರಲು ಆ ಮಗುವಿಗೇ ಹೇಳುತ್ತಿದ್ದೆ. ಅಂಗೈಗೆ ಎರಡು, ಅದೂ ಜೋರಾಗಿ. ಅಪ್ಪ ಅಮ್ಮಂದಿರೇ ಬಂದು, ಕಣ್ಣೊಂದು ಬಿಟ್ಟು ಎಲ್ಲಿಗೆ ಬೇಕಾದರೂ ಹೊಡೆಯಿರಿ ಟೀಚರೇ ಎಂದು ಹೇಳಿ ಹೋಗುತ್ತಿದ್ದ ಕಾಲ ಅದು. ನನ್ನ ಶಾಲೆಯ ಮಕ್ಕಳು ಸುಳ್ಳು ಹೇಳುವುದಿಲ್ಲ ಎಂಬ ಜಂಬ ನನಗೆ ರಿಟೈರಾಗುವವರೆಗೂ ಇತ್ತು.

ಇನ್ನೊಂದು ಜಂಬವೂ ಇತ್ತು. ನಮ್ಮ ಕಡೆಯ ಸಣ್ಣ ಶಾಲೆಗಳಲ್ಲಿ ಇನ್ಸ್‌ಪೆಕ್ಷನ್ ದಿನ ಮಕ್ಕಳನ್ನು ಕಡ ತರುವ ಪದ್ಧತಿಯೊಂದಿತ್ತು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದ ಹಾಗೆ, ಹಾಜರಿ ಕಡಿಮೆ ಇದ್ದವರು ಅಂಗನವಾಡಿಯಿಂದಲೋ, ಆಚೆ ಊರಿನ ಶಾಲೆಯಿಂದಲೋ ನಾಲ್ಕಾರು ಮಕ್ಕಳನ್ನು ತಂದು ಕೂರಿಸುತ್ತಿದ್ದರು. ಸಾಹೇಬರ ಜೀಪು ತಿರುಗಿದ ಮೇಲೆ ಒಂದೊಂದು ಬಾಳೆಹಣ್ಣು ಕೊಟ್ಟು ವಾಪಸು ಕಳಿಸುತ್ತಿದ್ದರು. ಮಕ್ಕಳಿಗಂತೂ ಹಬ್ಬ. ಕಾಫಿ ಕೊಯ್ಲಿನ ಕಾಲದಲ್ಲಿ ನನ್ನ ಮಕ್ಕಳೂ ಅರ್ಧಕ್ಕರ್ಧ ತಾಯಂದಿರ ಜೊತೆ ತೋಟಕ್ಕೆ ಹೋಗಿಬಿಡುತ್ತಿದ್ದರು. ಆದರೂ ನಾನು ಒಂದು ಮಗುವನ್ನೂ ಕಡ ತಂದವಳಲ್ಲ, ಕೊಟ್ಟವಳೂ ಅಲ್ಲ. ಕೇಳಲು ಬಂದ ಮೇಷ್ಟ್ರೊಬ್ಬರಿಗೆ ಕಾಫಿಯ ಜೊತೆಗೆ ಅರ್ಧ ಗಂಟೆ ನೀತಿಪಾಠವನ್ನೂ ಕುಡಿಸಿ ಕಳಿಸಿದ್ದೆ. ಅವರು ಆಮೇಲೆ ನನ್ನನ್ನು ದೂರದಿಂದ ಕಂಡರೆ ಸಾಕು, ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ರಿಟೈರಾದೆ. ಮಗ ಅಲ್ಲೇ ಒಂದು ಎಸ್ಟೇಟಿನಲ್ಲಿ ರೈಟರು, ಕೂಲಿಯವರ ಹಾಜರಿಯನ್ನೂ ಕೊಯ್ದ ಹಣ್ಣಿನ ತೂಕವನ್ನೂ ಬರೆಯುವ ಕೆಲಸ. ಸೊಸೆ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಮನೆ ಮಲ್ಲಂದೂರಿನ ರಸ್ತೆ ಬದಿಗೆ, ಹಿಂದೆ ಎರಡು ಎಕರೆ ತೋಟ. ರಿಟೈರಾದ ಹೊಸತರಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯಾರಿಗೆ ಬೆಲ್ ಹೊಡೆಯಲಿ, ಯಾರ ಹಾಜರಿ ಕರೆಯಲಿ? ಆ ವರ್ಷವೇ ಮೊಮ್ಮಗಳು ಹುಟ್ಟಿದಳು, ನನಗೆ ಮತ್ತೆ ಕೆಲಸ ಸಿಕ್ಕಿತು. ಎಣ್ಣೆ ತಿಕ್ಕಿ ನೀರು ಹಾಕಿದ್ದು ನಾನು, ಮೊದಲ ತುತ್ತು ತಿನ್ನಿಸಿದ್ದು ನಾನು. ಮಾತು ಬಂದ ಮೇಲೆ ಅವಳು ನನ್ನ ತಟ್ಟೆಯಲ್ಲೇ ಉಣ್ಣುತ್ತಿದ್ದಳು, ನನ್ನ ಸೆರಗು ಹಿಡಿದೇ ನಿದ್ದೆ ಹೋಗುತ್ತಿದ್ದಳು. ತಾನು ಹೆತ್ತಿದ್ದಷ್ಟೇ ಎಂದು ಸೊಸೆ ನಗುತ್ತಿದ್ದಳು. ಈ ಮಗುವಿಗೆ ನನಗಿಂತ ಹತ್ತಿರದವರು ಯಾರೂ ಇಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಶಾಲೆಗೆ ಹಾಕುವ ಮಾತು ಬಂದಾಗ, ಇಂಗ್ಲಿಷ್ ಮೀಡಿಯಂ ಕಾನ್ವೆಂಟಿಗೇ ಹಾಕಿ ಎಂದವಳೂ ನಾನೇ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಕೂಲಿಯವರ ಮನೆ ಬಾಗಿಲಿಗೆ ಹೋಗಿ ಸರ್ಕಾರಿ ಶಾಲೆಯ ಗುಣಗಾನ ಮಾಡಿದ ಬಾಯಿ, ಸ್ವಂತ ಮೊಮ್ಮಗಳ ವಿಷಯಕ್ಕೆ ಬಂದಾಗ ಮಾತು ಬದಲಾಯಿಸಿತು. ಬೆಳಿಗ್ಗೆ ಎಂಟಕ್ಕೆ ವ್ಯಾನು ಬಂದು, ಟೈ ಕಟ್ಟಿಕೊಂಡ ಪುಟ್ಟಿಯನ್ನು ಕರೆದುಕೊಂಡು ಹೋಗುತ್ತಿತ್ತು. ಪಾಟೀಚೀಲ ಬೆನ್ನಿಗೆ ಹಾಕಿ ನಡೆದು ಹೋಗುವ ನನ್ನ ಹಳೆಯ ಶಾಲೆಯ ಮಕ್ಕಳು ಆ ವ್ಯಾನಿಗೆ ದಾರಿ ಬಿಟ್ಟು ಬದಿಗೆ ನಿಲ್ಲುತ್ತಿದ್ದರು.

ಅವು ಕಾಫಿಗೆ ಬೆಲೆ ಬಿದ್ದ ವರ್ಷಗಳು. ಎಸ್ಟೇಟುಗಳಲ್ಲಿ ಕೆಲಸ ಕಡಿಮೆಯಾಗಿ, ಕೂಲಿಯವರ ಸಾಲುಮನೆಗಳು, ನಾವು ಲೈನು ಎನ್ನುವವು, ಒಂದೊಂದಾಗಿ ಖಾಲಿಯಾದವು. ಸಂಸಾರಗಳು ಹೊರಟಾಗ ಮಕ್ಕಳೂ ಹೊರಟರು. ನನ್ನ ಶಾಲೆಯಲ್ಲಿ ಉಳಿದದ್ದು ಒಂಬತ್ತು ಮಕ್ಕಳು. ಹತ್ತಕ್ಕಿಂತ ಕಡಿಮೆ ಇದ್ದರೆ ಶಾಲೆ ಮುಚ್ಚಿ ಆಚೆ ಊರಿನ ಶಾಲೆಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಆ ಊರಿಗೆ ಎರಡು ಹಳ್ಳ ದಾಟಿ, ಕಾಡಿನ ದಾರಿಯಲ್ಲಿ ಒಂದು ಗಂಟೆ ನಡೆಯಬೇಕು. ಮಳೆಗಾಲದಲ್ಲಿ ದೊಡ್ಡವರೇ ಆ ದಾರಿ ಹಿಡಿಯುವುದಿಲ್ಲ. ಶಾಲೆ ಮುಚ್ಚಿದರೆ ಆ ಒಂಬತ್ತು ಮಕ್ಕಳ ಓದಿಗೂ ಅಲ್ಲಿಗೇ ಬಾಗಿಲು ಎಂಬುದು ಎಲ್ಲರಿಗೂ ಗೊತ್ತಿತ್ತು.

ಜನವರಿಯ ಒಂದು ಸಂಜೆ, ನನ್ನ ಜಾಗಕ್ಕೆ ಬಂದಿದ್ದ ಮೇಷ್ಟ್ರು ಮನೆಗೆ ಬಂದರು. ಬಯಲುಸೀಮೆಯ ಕಡೆಯ ಹುಡುಗ, ಮದುವೆಯಾಗಿರಲಿಲ್ಲ, ಮಕ್ಕಳನ್ನು ಕಂಡರೆ ನಿಜವಾದ ಅಕ್ಕರೆ. ಜಗಲಿಯಲ್ಲಿ ಕೂತು ಚಾಪೆಯ ಅಂಚು ಕೀಳುತ್ತಾ ತುಂಬ ಹೊತ್ತು ಮಳೆ ಬೆಳೆ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು. ಮುಂದಿನ ಬುಧವಾರ ಸಾಹೇಬರು ಶಾಲೆ ನೋಡಲು ಬರುತ್ತಾರೆ. ಲೈನು ಬಿಟ್ಟು ಹೋದ ಒಂದನೇ ತರಗತಿಯ ಹುಡುಗಿಯೊಬ್ಬಳ ಹೆಸರು ಹಾಜರಿ ಪುಸ್ತಕದಲ್ಲಿ ಹಾಗೇ ಇದೆ. ನಿಮ್ಮ ಮೊಮ್ಮಗಳು ಒಂದು ದಿನ ಬಂದು ಕೂತು ಆ ಹೆಸರಿಗೆ ಹಾಜರಿ ಹೇಳಿದರೆ ಹತ್ತಾಗುತ್ತದೆ.

ನಾನು ಅವರಿಗೆ ನೀತಿಪಾಠ ಹೇಳಲಿಲ್ಲ. ಆಗಲಿ ಎಂದೆ. ಒಂಬತ್ತು ಮಕ್ಕಳಿಗಾಗಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಇಪ್ಪತ್ತು ವರ್ಷ ನಾನು ಬೆಲ್ ಹೊಡೆದ ಶಾಲೆಗೆ ನನ್ನ ಕಣ್ಣೆದುರು ಬೀಗ ಬೀಳಬಾರದು ಎಂಬ ಹಟವೂ ಅದರಲ್ಲಿತ್ತು. ಸೊಸೆ ಹೊಲಿಗೆ ಮಷಿನ್ನು ನಿಲ್ಲಿಸಿ, “ಅತ್ತೆ, ಹೇಳ್ತಿರೋದು ನೀವೇನಾ?” ಎಂದು ಕೇಳಿದಳು. ನಾನು ಕೇಳಿಸದವಳ ಹಾಗೆ ಒಳಗೆ ಹೋದೆ.

ಆ ಒಂದು ವಾರ ನನಗೆ ಹತ್ತು ವರ್ಷ ಪ್ರಾಯ ಕಡಿಮೆಯಾಯಿತು. ಕಾನ್ವೆಂಟಿನಲ್ಲಿ ಅವಳಿಗೆ ಕನ್ನಡ ಅಕ್ಷರ ಇನ್ನೂ ಹೇಳಿಕೊಟ್ಟಿರಲಿಲ್ಲ. ಅಟ್ಟದಿಂದ ಸ್ಲೇಟು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅ ಆ ಇ ಈ ತಿದ್ದಿಸಿದೆ. ಅದರ ಜೊತೆಗೆ ಸುಳ್ಳನ್ನೂ ತಿದ್ದಿಸಿದೆ. ಹೆಸರು ಕೇಳಿದರೆ ಆ ಹುಡುಗಿಯ ಹೆಸರು ಹೇಳಬೇಕು. ಮನೆ ಎಲ್ಲಿ ಎಂದರೆ ಲೈನು. ವರ್ಷ ಎಷ್ಟು ಎಂದರೆ ಆರು, ಐದಲ್ಲ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಅವಳಿಗೆ ಬಂತು. ನನ್ನ ಪಾಠದಲ್ಲಿ ಯಾವತ್ತೂ ಕುಂದಿರಲಿಲ್ಲವಲ್ಲ.

ಬುಧವಾರ ಬೆಳಿಗ್ಗೆ ವ್ಯಾನು ಬಂದು ಹಾರನ್ ಮಾಡಿತು. ವ್ಯಾನು ಓಡಿಸುವ ಭಾಯ್ ಒಳ್ಳೆಯ ಮನುಷ್ಯ, ಮಕ್ಕಳನ್ನು ಕೈಹಿಡಿದು ಹತ್ತಿಸುವವರು. ಪುಟ್ಟಿಗೆ ಜ್ವರ ಎಂದು ಅವರಿಗೆ ಹೇಳಿದೆ. ರಾತ್ರಿಯೆಲ್ಲ ಮೈ ಸುಡುತ್ತಿತ್ತು ಎಂದೂ ಸೇರಿಸಿದೆ. ಅವರು ಪಾಪ, ಮುಖ ಸಣ್ಣದು ಮಾಡಿಕೊಂಡು, ಬಿಸಿನೀರು ಕುಡಿಸಿ ಎಂದು ಹೇಳಿ ಹೋದರು. ತಿರುಗಿ ನೋಡಿದರೆ ಪುಟ್ಟಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಹಳೇ ಫ್ರಾಕು ಹಾಕಿ, ಕಾಲಿಗೆ ಹವಾಯಿ ಚಪ್ಪಲಿ ಹಾಕಿ ಅವಳನ್ನು ಶಾಲೆಗೆ ಕರೆದುಕೊಂಡು ಹೋದೆ. ಮೂರನೇ ತರಗತಿಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂರಿಸಿ, ಸ್ವಲ್ಪ ನೋಡಿಕೋ ಎಂದು ಆ ಹುಡುಗಿಗೆ ಹೇಳಿ, ನಾನು ಹಿಂದಿನ ಬಿಸಿಯೂಟದ ಕೋಣೆಯಲ್ಲಿ ಅಡುಗೆಯವಳ ಜೊತೆ ಕೂತೆ. ನಡುವಿನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಸಾಹೇಬರು ಬಂದರು. ನಡುವಯಸ್ಸಿನವರು, ಗದರುವ ಪೈಕಿಯಲ್ಲ. ಮೇಷ್ಟ್ರು ಹಾಜರಿ ಕರೆದರು. ಆ ಹುಡುಗಿಯ ಹೆಸರು ಬಂದಾಗ ಪುಟ್ಟಿ ಎದ್ದು ನಿಂತು ಹಾಜರ್ ಸಾರ್ ಎಂದಳು. ಹೆಸರು, ಮನೆ, ವರ್ಷ ಎಲ್ಲಕ್ಕೂ ಪಟಪಟನೆ ಉತ್ತರ. ಸ್ಲೇಟಿನಲ್ಲಿ ಅ ಬರೆದು ತೋರಿಸಿದಳು. ಸಾಹೇಬರು ಖುಷಿಯಾಗಿ, ನಾನು ಹೇಳಿಕೊಡದ ಒಂದು ಪ್ರಶ್ನೆ ಕೇಳಿದರು. ನಿನ್ನೆ ಶಾಲೆಯಲ್ಲಿ ಊಟ ಏನಿತ್ತು?

ಪುಟ್ಟಿ ಒಂದು ಕ್ಷಣವೂ ತಡೆಯಲಿಲ್ಲ. “ಅನ್ನ, ಸಾಂಬಾರು. ಉಪ್ಪು ಜಾಸ್ತಿ ಆಗಿತ್ತು. ನಾ ಅರ್ಧ ಚೆಲ್ಲಿದೆ.”

ಕೋಣೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕು ಅವಳ ತಲೆ ಸವರಿದರು. ನನ್ನ ಪಕ್ಕದಲ್ಲಿದ್ದ ಅಡುಗೆಯವಳು, ನಿನ್ನೆ ಉಪ್ಪು ಸರಿಯಾಗೇ ಇತ್ತಲ್ಲ ಎಂದು ಗೊಣಗಿದಳು. ನಾನು ನಗಲಿಲ್ಲ. ಮೂವತ್ತೊಂದು ವರ್ಷ ಮಕ್ಕಳ ಸುಳ್ಳು ಕೇಳಿದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹೊಸಬರು ಸುಳ್ಳು ಹೇಳುವಾಗ ತಡವರಿಸುತ್ತಾರೆ. ಉಪ್ಪು ಜಾಸ್ತಿ, ಅರ್ಧ ಚೆಲ್ಲಿದೆ ಎಂದು ಸೇರಿಸುವುದು ಪಳಗಿದವರ ಲಕ್ಷಣ. ನನ್ನ ಪುಟ್ಟಿ ಒಂದೇ ವಾರದಲ್ಲಿ ಪಳಗಿದ್ದಳು.

ಶಾಲೆ ಉಳಿಯಿತು. ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಪುಟ್ಟಿ ನನ್ನ ಮುಖ ನೋಡಿ, ತಾನು ಸರಿಯಾಗಿ ಹೇಳಿದೆನಾ ಎಂದು ಕೇಳಿದಳು. ಚಂದ ಹೇಳಿದೆ ಎಂದೆ, ಬೇರೆ ಏನು ಹೇಳಲಿ? ಕೊಬ್ಬರಿ ಮಿಠಾಯಿ ಕೊಡಿಸಿದೆ.

ಮಾಡಿದ್ದುಣ್ಣೋ ಮಹರಾಯ ಎನ್ನುವುದು ಸುಮ್ಮನೆ ಅಲ್ಲ. ಹದಿನೈದು ದಿನವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ನಾನು ಹಿತ್ತಲಿನಲ್ಲಿದ್ದಾಗ ಪುಟ್ಟಿ ತಾನೇ ರಸ್ತೆಗೆ ಹೋಗಿ, ತನಗೆ ಜ್ವರ, ರಾತ್ರಿಯೆಲ್ಲ ಮೈ ಸುಡುತ್ತಿತ್ತು ಎಂದು ಹೇಳಿ ಭಾಯ್ ಅವರನ್ನು ವಾಪಸು ಕಳಿಸಿದ್ದಳು. ಮಗ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದಾದ ಮೇಲೆ ನನ್ನ ಕನ್ನಡಕ ಕಾಣೆಯಾಯಿತು. ಪುಟ್ಟಿಯನ್ನು ಕೇಳಿದರೆ, ಒಂದು ಬಿಳೀ ಬೆಕ್ಕು ಬಂದು ಬಾಯಲ್ಲಿ ಕಚ್ಚಿಕೊಂಡು ಹೋಯಿತು, ಅದರ ಬಾಲ ಮುರಿದಿತ್ತು ಎಂದಳು. ಎರಡು ದಿನ ಬಿಟ್ಟು ಸೊಸೆ ಕಣದಲ್ಲಿ ಒಣಗಲು ಹರಡಿದ್ದ ಕಾಫಿ ಹಣ್ಣನ್ನು ತಿರುವುವಾಗ, ಅದರ ಅಡಿಯಲ್ಲಿ ಕನ್ನಡಕ ಸಿಕ್ಕಿತು. ಒಂದು ಗಾಜು ಒಡೆದಿತ್ತು.

ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ನನ್ನ ಇನ್ನೊಂದು ಕೈ ಮೇಲೆದ್ದಿತು. ಅದು ಎಷ್ಟು ಸಲೀಸಾಗಿ ಎದ್ದಿತು ಎಂದರೆ, ರಿಟೈರಾಗಿ ಇಷ್ಟು ವರ್ಷವಾಗಿದೆ ಎಂಬುದೇ ಆ ಕೈಗೆ ಗೊತ್ತಿದ್ದ ಹಾಗಿರಲಿಲ್ಲ. ಪುಟ್ಟಿ ಅಳಲಿಲ್ಲ, ಓಡಲೂ ಇಲ್ಲ. ಅಂಗೈ ಬಿಚ್ಚಿ ಮುಂದಕ್ಕೆ ಚಾಚಿದಳು. ಹಾಗೆ ಕೈ ಚಾಚಬೇಕೆಂದು ನಮ್ಮ ಮನೆಯಲ್ಲಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾನ್ವೆಂಟಿನಲ್ಲಿ ನೋಡಿರಬೇಕು ಎಂದುಕೊಂಡೆ. ನಾನು ಹೊಡೆಯಲಿಲ್ಲ. ಸುಳ್ಳು ಹೇಳಿಕೊಟ್ಟ ಕೈಯೇ ಸುಳ್ಳಿಗೆ ಹೊಡೆದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಎರಡು ದಿನ ಊಟ ಸೇರಲಿಲ್ಲ. ಈ ಮಗು ನನ್ನ ಕಣ್ಣೆದುರೇ ಕೆಟ್ಟು ಹೋಗುತ್ತಿದೆ, ಕೆಡಿಸಿದವಳು ನಾನೇ ಎಂಬ ಸಂಕಟ. ಕಡೆಗೆ ನಿರ್ಧಾರ ಮಾಡಿದೆ. ಅವಳನ್ನು ಕರೆದುಕೊಂಡು ಸಾಹೇಬರ ಕಚೇರಿಗೇ ಹೋಗಬೇಕು, ಅವಳ ಎದುರೇ ಸುಳ್ಳು ಹೇಳಿಸಿದವಳು ನಾನು, ತಪ್ಪಾಯಿತು ಎನ್ನಬೇಕು. ಅಜ್ಜಿಯೂ ತಪ್ಪು ಒಪ್ಪಿಕೊಳ್ಳುತ್ತಾಳೆ ಎಂದು ಅವಳು ಕಣ್ಣಾರೆ ನೋಡಬೇಕು. ಮೊದಲು ಮೇಷ್ಟ್ರಿಗೆ ಹೇಳಿದೆ. ತಮ್ಮ ಕೆಲಸದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಒಂಬತ್ತು ಮಕ್ಕಳನ್ನು ಒಮ್ಮೆ ನೆನಪಿಸಿಕೊಳ್ಳಿ ಮೇಡಂ ಎಂದರು. ಅದನ್ನು ಕೇಳಿ ಒಂದು ವಾರ ಹಿಂದೆ ಮುಂದೆ ನೋಡಿದೆ. ಆ ಒಂಬತ್ತು ಮಕ್ಕಳ ಒಂದೊಂದು ಮುಖವೂ ನನಗೆ ಗೊತ್ತು. ಆದರೂ ಹೊರಟೆ. ನಿಜ ಹೇಳಿ, ಒಂಬತ್ತೇ ಇದ್ದರೂ ಶಾಲೆ ಉಳಿಸಿಕೊಡಿ ಎಂದು ಕೈಮುಗಿಯೋಣ ಎಂದುಕೊಂಡೆ.

ಚಿಕ್ಕಮಗಳೂರಿನ ಬಸ್ಸಿನಲ್ಲಿ ಪುಟ್ಟಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸದಿರಲೆಂದು ನಿಂಬೆಹಣ್ಣು ಮೂಸಿಸುತ್ತಾ ಹೋದೆ. ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಕಾದೆವು. ಸಾಹೇಬರು ಒಳಗೆ ಕರೆದರು. ಒಂದು ಕಾಲದಲ್ಲಿ ಇಂಥವರ ಮುಂದೆ ಕೂತು ಮಾತಾಡಿದವಳು ಅವತ್ತು ನಿಂತೇ ಹೇಳಿದೆ. ಇವಳು ನನ್ನ ಮೊಮ್ಮಗಳು, ಲೈನಿನ ಹುಡುಗಿಯಲ್ಲ, ಹೇಳಿಕೊಟ್ಟು ಕರೆತಂದವಳು ನಾನು. ಶಾಲೆಯಲ್ಲಿರುವುದು ಒಂಬತ್ತೇ ಮಕ್ಕಳು. ದಾರಿ ಕೆಟ್ಟದ್ದು, ದಯವಿಟ್ಟು ಮುಚ್ಚಬೇಡಿ.

ಸಾಹೇಬರು ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಟೀಚರೇ, ಹತ್ತು ಅಂತ ಬರೆದು ಮೇಲಕ್ಕೆ ಕಳಿಸಿ ಆಯ್ತು. ಈಗ ಒಂಬತ್ತು ಅಂದ್ರೆ ನಾನೂ ಸಿಕ್ಕಿ ಬೀಳ್ತೀನಿ, ಆ ಮಕ್ಕಳೂ ಬೀದಿಗೆ ಬೀಳ್ತಾರೆ. ನೀವು ಇಲ್ಲಿಗೆ ಬರ್ಲೇ ಇಲ್ಲ ಅಂದ್ಕೋತೀನಿ. ಮನೆಗೆ ಹೋಗಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಡ್ರಾಯರಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಪುಟ್ಟಿಯ ಕೈಗಿಟ್ಟರು. ಶಾಲೆ ಉಳಿಯಿತೆಂದು ನನಗೆ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಎರಡನ್ನೂ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ವಾಪಸು ಬರುವ ಬಸ್ಸಿನಲ್ಲಿ ಪುಟ್ಟಿ ಕಿಟಕಿಯ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಬಸ್ಸು ಘಾಟಿ ಹತ್ತಿತು. ಆಮೇಲೆ ಅವಳು, ಆ ಸಾಹೇಬರಿಗೂ ನಿಜ ಬೇಡವಾ ಎಂದು ಕೇಳಿದಳು. ಅವರಿಗೆ ಬೇಡ, ನನಗೆ ಬೇಕು ಎಂದೆ. ಇನ್ನು ಮೇಲೆ ಏನೇ ಆದರೂ ನನಗೆ ನಿಜ ಹೇಳು, ನಾನು ಬೈಯುವುದಿಲ್ಲ ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಂಬಬಹುದೋ ಇಲ್ಲವೋ ಎಂದು ತೂಗಿ ನೋಡುವ ನೋಟ ಅದು. ಐದು ವರ್ಷದ ಮಗು, ನನ್ನ ತಟ್ಟೆಯಲ್ಲೇ ಉಂಡು ಬೆಳೆದ ಮಗು.

“ಅವತ್ತು ಶಾಲೇಲಿ ನನ್ನ ಪಕ್ಕ ಕೂತಿದ್ಲಲ್ಲ ಆ ಅಕ್ಕ, ಅವಳ ಅಪ್ಪಂಗೆ ನೀನು ಹೊಡೆದಿದ್ಯಂತೆ. ಕೈ ಊದಿತ್ತಂತೆ. ಹೇಳಿಕೊಟ್ಟಿದ್ದು ತಪ್ಪಿದ್ರೆ ನಿಂಗೂ ಹೊಡೀತಾರೆ, ಕೈ ಹೀಗೆ ಹಿಡೀಬೇಕು ಅಂತ ಅವಳೇ ತೋರ್ಸಿದ್ಲು. ಅದ್ಕೆ ನಾನು ಸರಿಯಾಗಿ ಹೇಳ್ದೆ. ಕನ್ನಡಕದ್ದೂ ಅದ್ಕೇ ಹೇಳಿದ್ದು.”

ನನ್ನ ಪುಟ್ಟಿಗೆ ನನ್ನ ಭಯ. ಆ ಬುಧವಾರದಿಂದಲೂ ಅವಳು ನನ್ನ ಸೆರಗು ಹಿಡಿದೇ ಮಲಗುತ್ತಿದ್ದಳು, ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಲಗುತ್ತಿದ್ದಳು. ಆ ಹುಡುಗಿಯ ಅಪ್ಪ ಯಾರೆಂದು ನೆನಪಿಸಿಕೊಳ್ಳಲು ನೋಡಿದೆ. ನನ್ನ ಶಾಲೆಯಲ್ಲಿ ಓದಿದವನೇ ಇರಬೇಕು. ಯಾವ ಸುಳ್ಳಿಗೆ ಹೊಡೆದಿದ್ದೆ, ಅವನು ಯಾವ ಸಾಲಿನಲ್ಲಿ ಕೂರುತ್ತಿದ್ದ, ಒಂದೂ ನೆನಪಾಗಲಿಲ್ಲ. ಅವನಿಗೆ ಮಾತ್ರ ನೆನಪಿತ್ತು, ಮಗಳಿಗೆ ಹೇಳಿದ್ದ.

ಇಲ್ಲ ಪುಟ್ಟಿ, ಅವಳು ಸುಮ್ಮನೆ ಹೇಳಿದ್ದು ಎನ್ನುವ ಮಾತು ನನ್ನ ಬಾಯಿಯವರೆಗೂ ಬಂತು.

“ಹೌದು,” ಎಂದೆ. “ಹೊಡೀತಿದ್ದೆ.”

“ಎಂತಕ್ಕೆ?”

“ಸುಳ್ಳು ಹೇಳ್ಬಾರ್ದು ಅಂತ.”

ಅವಳು ಬಿ‌ಸ್ಕತ್ತು ತಿನ್ನುವುದನ್ನು ನಿಲ್ಲಿಸಿ ಯೋಚನೆ ಮಾಡಿದಳು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸಾಹೇಬರು ಬಂದು ನನ್ನ ಶಾಲೆಯನ್ನು ತಪಾಸಣೆ ಮಾಡಿ ಹೋಗಿದ್ದರು. ಅವರು ಯಾರೂ ಕೇಳದ ಪ್ರಶ್ನೆಯನ್ನು ಅವಳು ಕೇಳಿದಳು.

“ಆಮೇಲೆ ಅವ್ರೆಲ್ಲ ಸುಳ್ಳು ಹೇಳೋದು ಬಿಟ್ರಾ?”

“ಇಲ್ಲ ಮಗಾ. ನನ್ನ ಹತ್ರ ನಿಜ ಹೇಳೋದು ಬಿಟ್ರು.”

ಪುಟ್ಟಿ ತಲೆಯಾಡಿಸಿದಳು. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.